ಮುಟ್ಟು ನಿಂತಿದೆ ಅಂದ್ರೆ ಮೊದಲು ತಟ್ಟೆ ನೋಡಿ

ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ, ಮದುವೆ ಫಿಕ್ಸ್ ಆದ ತಕ್ಷಣ ಊಟ ಬಿಡೋ ಹುಡುಗೀರ ಬಗ್ಗೆ ಎರಡು ಸಾಲು ಬರೆದಿದ್ದೆ ಅಷ್ಟೆ, ಅದಕ್ಕೆ ಬಂದಿರೋ ಪತ್ರ, ವಾಟ್ಸಾಪ್ ಮೆಸೇಜ್ ನೋಡಿದ್ರೆ ತುಮಕೂರಿಂದ ಚಿಂತಾಮಣಿವರೆಗೂ ಇದು ಮನೆಮನೆ ಕಥೆ ಅನ್ಸುತ್ತೆ. ಹಾಗಾಗಿ ಈ ಸಲ ಪೂರ್ತಿ ಪುಟ ಇದಕ್ಕೇ. ಯಾರ ಹೆಸರೂ ಹಾಕಿಲ್ಲ, ಗುರುತು ಸಿಗೋ ವಿವರಾನೂ ತೆಗೆದಿದ್ದೀವಿ.

ಪ್ರಶ್ನೆ: ಮೇಡಂ, ನನಗೆ 26 ವರ್ಷ, ಮದುವೆ ಆಗಿ ಎರಡು ವರ್ಷ ಆಯ್ತು. ಮದುವೆಗೆ ಮುಂಚೆ 54 ಕೆಜಿ ಇದ್ದೆ, ಹೈಟು 160 ಸೆಂಟಿಮೀಟರ್. ಎಂಗೇಜ್‌ಮೆಂಟ್ ಫೋಟೋದಲ್ಲಿ ಮುಖ ದಪ್ಪ ಕಾಣುತ್ತೆ ಅಂತ ನಾದಿನಿ ಒಂದು ಮಾತು ಅಂದ್ರು, ಅವತ್ತಿಂದ ಅನ್ನ ಬಿಟ್ಟೆ, ಆಮೇಲೆ ಮುದ್ದೆ ಬಿಟ್ಟೆ, ಆಮೇಲೆ ರಾತ್ರಿ ಊಟಾನೇ ಬಿಟ್ಟೆ. ಈಗ 42 ಕೆಜಿ. ಮದುವೆ ಆದ ನಾಲ್ಕು ತಿಂಗಳಿಗೆ ಡೇಟ್ ಆಗೋದು ನಿಂತೋಯ್ತು. ಎಲ್ರೂ ವಿಶೇಷ ಅಂದ್ಕೊಂಡು ಖುಷಿ ಪಟ್ರು, ಟೆಸ್ಟ್ ಮಾಡಿದ್ರೆ ಏನೂ ಇಲ್ಲ. ಒಬ್ಬರು ಡಾಕ್ಟ್ರು 5 ದಿನದ ಮಾತ್ರೆ ಕೊಟ್ರು, ಅದಕ್ಕೆ ಬರಲಿಲ್ಲ. ಆಮೇಲೆ 21 ದಿನದ ಮಾತ್ರೆ ಕೊಟ್ರು, ಆ ಸ್ಟ್ರಿಪ್ ಮುಗಿದ ಮೇಲೆ ಬರುತ್ತೆ, ಮಾತ್ರೆ ನಿಲ್ಲಿಸಿದ್ರೆ ಮತ್ತೆ ಇಲ್ಲ. ಇನ್ನೊಂದು ಕಡೆ ಸ್ಕ್ಯಾನಿಂಗ್ ಮಾಡಿ ಪಿಸಿಓಡಿ ಥರ ಕಾಣ್ತಿದೆ, ಅನ್ನ, ಸ್ವೀಟು ಬಿಡಿ ಅಂದ್ರು. ಅತ್ತೆ ಮಗು ಆಗ್ಲಿ ಅಂತ ಸೋಮವಾರ ಒಪ್ಪತ್ತು ಹಿಡಿಸಿದ್ದಾರೆ, ನಿಜ ಹೇಳ್ಬೇಕು ಅಂದ್ರೆ ಅದು ನನಗೆ ಅನುಕೂಲಾನೇ, ಊಟ ಬಿಟ್ರೆ ಯಾರೂ ಯಾಕೆ ಅಂತ ಕೇಳಲ್ಲ. ತಟ್ಟೆ ಮುಂದೆ ಕೂತ್ರೆ ಎದೆ ಡವಡವ ಅನ್ನುತ್ತೆ. ಬೆಂಗಳೂರಿಗೆ ಹೋಗಿ ಐವಿಎಫ್ ಮಾಡಿಸೋಣ ಅಂತಾರೆ ನಮ್ಮನೆಯವರು. ನನಗೆ ಮಗು ಆಗುತ್ತಾ?
– ತುಮಕೂರಿನ ಹತ್ತಿರದ ಊರು

ಉತ್ತರ: ಆಗೋ ಸಾಧ್ಯತೆ ಚೆನ್ನಾಗೇ ಇದೆ ಕಣಮ್ಮ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಆದ್ರೆ ಐವಿಎಫ್ ಈಗ ಬೇಡ, ಈಗ ಬೇಕಾಗಿರೋದು ಊಟ. ನೀವು ಬರೆದಿರೋದನ್ನ ಓದಿದ್ರೆ ನಿಮ್ಮ ಗರ್ಭಕೋಶಕ್ಕೆ, ಅಂಡಾಶಯಕ್ಕೆ ಏನೋ ಆಗೋಗಿದೆ ಅಂತ ನನಗೆ ಅನ್ಸಲ್ಲ, ತೊಂದರೆ ಅದಕ್ಕಿಂತ ಮೇಲೆ, ತಲೆ ಒಳಗೆ ಹೈಪೋಥಲಾಮಸ್ ಅಂತ ಒಂದು ಚಿಕ್ಕ ಜಾಗ ಇದೆ, ಅಲ್ಲಿ. ಮುಟ್ಟಿನ ಇಡೀ ಲೆಕ್ಕಾಚಾರ ಶುರುವಾಗೋದೇ ಅಲ್ಲಿಂದ. ಅದು ಸರಿಸುಮಾರು ಒಂದು, ಒಂದೂವರೆ ಗಂಟೆಗೊಂದ್ಸಲ ಒಂದು ಹಾರ್ಮೋನು ಸಿಗ್ನಲ್ ಬಿಡ್ತಾ ಇರ್ಬೇಕು, ಅದು ಬಂದ್ರೆ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್, ಎಲ್‌ಎಚ್ ಅನ್ನೋ ಎರಡು ಹಾರ್ಮೋನು ಬಿಡುತ್ತೆ, ಅದರಿಂದ ಅಂಡಾಶಯದಲ್ಲಿ ಈಸ್ಟ್ರೋಜನ್ ತಯಾರಾಗಿ ಅಂಡಾಣು ಬೆಳೆದು ಹೊರಗೆ ಬರುತ್ತೆ. ಕರೆಂಟ್ ಕಮ್ಮಿ ಇದ್ದಾಗ ಲೋಡ್ ಶೆಡ್ಡಿಂಗ್ ಮಾಡ್ತಾರಲ್ಲ, ಆಸ್ಪತ್ರೆ ಲೈನ್ ಬಿಟ್ಟು ಮಿಕ್ಕಿದ್ದೆಲ್ಲ ಆಫ್ ಮಾಡ್ತಾರೆ, ದೇಹಾನೂ ಅದನ್ನೇ ಮಾಡೋದು. ಹೊಟ್ಟೆಗೆ ಬೀಳೋದು ಸಾಲ್ತಾ ಇಲ್ಲ, ಮೈಯಲ್ಲಿ ಕೊಬ್ಬೂ ಕರಗ್ತಿದೆ ಅಂತ ಗೊತ್ತಾದ ತಕ್ಷಣ (ಕೊಬ್ಬಿನ ಕಣಗಳು ಲೆಪ್ಟಿನ್ ಅನ್ನೋ ಹಾರ್ಮೋನು ಮೂಲಕ ಮಿದುಳಿಗೆ ಈ ಸುದ್ದಿ ಮುಟ್ಟಿಸ್ತವೆ) ಹೃದಯ, ಮಿದುಳು, ಉಸಿರಾಟ ಉಳಿಸ್ಕೊಂಡು ಬಸಿರಿನ ಕೆಲಸ ಮುಂದಕ್ಕೆ ಹಾಕುತ್ತೆ. ತಾಯಿಗೇ ಊಟ ಇಲ್ಲ, ಮಗೂಗೆ ಎಲ್ಲಿಂದ ತರೋದು ಅಂತ.

ಇದು ನಿಮ್ಮೊಬ್ಬರಿಗೇ ಆಗಿರೋದಲ್ಲ. 1944-45ರ ಚಳಿಗಾಲದಲ್ಲಿ, ಎರಡನೇ ಮಹಾಯುದ್ಧದ ಕೊನೇಲಿ, ನೆದರ್‌ಲ್ಯಾಂಡ್ಸ್‌ನಲ್ಲಿ ಜರ್ಮನ್ನರು ಆಹಾರ ಸಾಗಣೆ ತಡೆದು ಘೋರ ಬರ ಬಂದಾಗ ಎಷ್ಟೋ ಹೆಂಗಸರಿಗೆ ಮುಟ್ಟು ನಿಂತೋಗಿತ್ತು, ಒಂಬತ್ತು ತಿಂಗಳಾದ ಮೇಲೆ ಹೆರಿಗೆ ಸಂಖ್ಯೆ ಧಡಾರ್ ಅಂತ ಬಿದ್ದಿತ್ತು. ಯುದ್ಧ ಮುಗಿದು ಊಟ ಸಿಕ್ಕ ಮೇಲೆ ಮತ್ತೆ ಬಸಿರು, ಬಾಣಂತನ ಎಲ್ಲ ಶುರುವಾಯ್ತು. ಅವರಿಗೆ ಯಾರೂ ಐವಿಎಫ್ ಮಾಡಿರಲಿಲ್ಲ.

ಈಗ ನಿಮ್ಮ ಮಾತ್ರೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಿಮ್ಮ ಪತ್ರದಲ್ಲಿ ಉತ್ತರ ಅಲ್ಲೇ ಇದೆ. 5 ದಿನದ ಮಾತ್ರೆ ಅಂದ್ರೆ ಪ್ರೊಜೆಸ್ಟರಾನ್ ಥರದ್ದು. ಗರ್ಭಕೋಶದ ಒಳಪದರ ಮೊದಲೇ ಬೆಳೆದು ರೆಡಿ ಇದ್ರೆ ಮಾತ್ರ ಅದು ನಿಲ್ಲಿಸಿದ ಮೇಲೆ ಬ್ಲೀಡಿಂಗ್ ಆಗೋದು, ಪದರ ಬೆಳೀಬೇಕಾದ್ರೆ ಈಸ್ಟ್ರೋಜನ್ ಬೇಕು, ನಿಮಗೆ ಬರಲೇ ಇಲ್ಲ ಅಂದ್ರೆ ಈಸ್ಟ್ರೋಜನ್ ತಳ ಹಿಡಿದಿದೆ ಅಂತ ಅನುಮಾನ ಪಡ್ಬೇಕು. 21 ದಿನದ ಮಾತ್ರೆಯಲ್ಲಿ ಈಸ್ಟ್ರೋಜನ್ನೂ ಸೇರಿರುತ್ತೆ, ಅದಕ್ಕೇ ಬಂತು. ಅದು ಮಾತ್ರೆ ತರಿಸಿದ ಬ್ಲೀಡಿಂಗ್ ಅಷ್ಟೆ, ನಿಮ್ಮ ಸ್ವಂತ ಮುಟ್ಟಲ್ಲ, ಅಂಡಾಣು ಬಿಡುಗಡೆ ಆಗಿಲ್ಲ. ಪ್ರತಿ ತಿಂಗಳು ಬರ್ತಿದೆಯಲ್ಲ ಅಂತ ಮನೆಯವರು ನೆಮ್ಮದಿಯಾಗಿರ್ತಾರೆ, ಒಳಗಡೆ ಕಥೆ ಇದ್ದಲ್ಲೇ ಇರುತ್ತೆ. ಮೂಳೆಗಾದ್ರೂ ಈ ಮಾತ್ರೆಯಿಂದ ರಕ್ಷಣೆ ಸಿಗುತ್ತಾ ಅಂದ್ರೆ ಅದೂ ಇಲ್ಲ. ಬರೀ ಮುಟ್ಟು ತರಿಸೋಕೆ, ಮೂಳೆ ಗಟ್ಟಿ ಮಾಡೋಕೆ ಅಂತ ಇಂಥವರಿಗೆ ಗರ್ಭನಿರೋಧಕ ಮಾತ್ರೆ ಕೊಡಬೇಡಿ ಅಂತ ಅಮೆರಿಕದ ಎಂಡೋಕ್ರೈನ್ ಸೊಸೈಟಿ 2017ರಲ್ಲೇ ಮಾರ್ಗಸೂಚಿ ಬರೆದಿದೆ.

ಇನ್ನು ಪಿಸಿಓಡಿ, ಅಂದ್ರೆ ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆ ಆಗದೇ ಇರೋ ತೊಂದರೆ. ಊಟ ಸಾಲದೆ ಮುಟ್ಟು ನಿಂತವರ ಸ್ಕ್ಯಾನಿಂಗ್‌ನಲ್ಲೂ ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆ ಥರ ಕಾಣಬಹುದು, ಬರೀ ಆ ಫೋಟೋ ನೋಡಿ ಪಿಸಿಓಡಿ ಅಂತ ಸೀಲ್ ಒತ್ತೋಕಾಗಲ್ಲ. 42 ಕೆಜಿ ಇರೋ ಹುಡುಗಿಗೆ ಅನ್ನ ಬಿಡಿ ಅನ್ನೋ ಸಲಹೆ ಕೇಳಿ ನನಗಂತೂ ಸಿಟ್ಟು ಬಂತು. ರಕ್ತ ಪರೀಕ್ಷೆ ಮಾಡಿಸಿ: ಎಫ್‌ಎಸ್‌ಎಚ್, ಎಲ್‌ಎಚ್, ಎಸ್ಟ್ರಡಯಾಲ್, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್, ಜೊತೆಗೆ ಪ್ರೆಗ್ನೆನ್ಸಿ ಟೆಸ್ಟ್ ಇನ್ನೊಂದ್ಸಲ. ಹಾರ್ಮೋನು ಮಾತ್ರೆ ತಗೊಳ್ತಿರುವಾಗ ಮಾಡಿಸಿದ್ರೆ ರಿಪೋರ್ಟ್ ದಾರಿ ತಪ್ಪಿಸುತ್ತೆ, ಅದನ್ನ ಡಾಕ್ಟ್ರಿಗೆ ಮುಂಚೇನೇ ಹೇಳಿ. ಮುಟ್ಟು ನಿಂತು ವರ್ಷದ ಮೇಲಾಗಿರೋದ್ರಿಂದ ಮೂಳೆ ಸಾಂದ್ರತೆ ನೋಡೋ ಡೆಕ್ಸಾ ಸ್ಕ್ಯಾನೂ ಒಂದು ಆಗ್ಲಿ. ರಾಗೀಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಮ್ಮ ಕಡೆಯವರಿಗೆ ಮೂಳೆ ಗಟ್ಟಿ ಅಂತ ನಾವೇ ಬೆನ್ನು ತಟ್ಕೊಳ್ತೀವಿ, ಆದ್ರೆ ಈಸ್ಟ್ರೋಜನ್ ಇಲ್ದೆ ಹೋದ್ರೆ ಮುದ್ದೆ ನಾಡಲ್ಲಿ ಹುಟ್ಟಿದ್ರೂ ಮೂಳೆ ಟೊಳ್ಳಾಗುತ್ತೆ, ಅದೂ ನೀವು ಆ ಮುದ್ದೇನೂ ಬಿಟ್ಟಿದ್ದೀರಿ.

ನಿಮ್ಮ ಹೈಟಿಗೆ ಬಿಎಂಐ (ಹೈಟಿಗೆ ತಕ್ಕ ತೂಕ ಇದೆಯಾ ಅಂತ ನೋಡೋ ಲೆಕ್ಕ) 18.5 ಆಗ್ಬೇಕಂದ್ರೆ ಸುಮಾರು 47.5 ಕೆಜಿ. ಈಗ ನೀವಿರೋದು 16.4ರಲ್ಲಿ. 47.5 ಅನ್ನೋದು ಕನಿಷ್ಠ, ಅಲ್ಲಿಗೆ ಮುಟ್ಟಿದ ತಕ್ಷಣ ಬಂದೇ ಬಿಡುತ್ತೆ ಅಂತಲ್ಲ, ನಿಮಗೆ ಚೆನ್ನಾಗಿ ಮುಟ್ಟಾಗ್ತಿದ್ದಾಗ ಇದ್ದ ತೂಕ 54, ಅದರ ಆಸುಪಾಸಿಗೆ ಹೋಗ್ಬೇಕಾಗ್ಬಹುದು. ತೂಕ ಬಂದ ಮೇಲೂ ಕೆಲವರಿಗೆ ಆರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತೆ. ಕಾಯೋದು ಕಷ್ಟ ಅಂತ ನನಗೂ ಗೊತ್ತು. ಆದ್ರೆ ಈ ತೂಕದಲ್ಲೇ ಇಂಜೆಕ್ಷನ್ ಕೊಟ್ಟು ಬಸಿರು ಮಾಡಿಸಿದ್ರೆ ಗರ್ಭಪಾತ, ದಿನ ತುಂಬದ ಹೆರಿಗೆ, ತೂಕ ಕಮ್ಮಿ ಇರೋ ಮಗು ಇದೆಲ್ಲದರ ಅಪಾಯ ಜಾಸ್ತಿ, ಅದಕ್ಕೇ ಮೊದಲು 18.5 ದಾಟಲಿ, ಆಮೇಲೆ ಬೇಕಾದ್ರೆ ಚಿಕಿತ್ಸೆ ಅನ್ನೋದು. ಅಷ್ಟೊತ್ತಿಗೆ ಎಷ್ಟೋ ಜನಕ್ಕೆ ಚಿಕಿತ್ಸೆ ಬೇಕಾಗೋದೇ ಇಲ್ಲ.

ತಿನ್ನಿ ಅನ್ನೋದು ನನಗೆ ಸುಲಭ, ನಿಮಗೆ ಎದೆ ಡವಡವ ಅನ್ನುತ್ತೆ ಅಂತ ಬರೆದಿದ್ದೀರಿ. ಅದು ಶೋಕಿ ಅಲ್ಲ, ಹಠ ಅಲ್ಲ, ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಊಟಾನೇ ಬಿಡಿಸೋ ಅನೊರೆಕ್ಸಿಯಾ ಅನ್ನೋ ಕಾಯಿಲೆ ಇರಬಹುದು, ಅದಕ್ಕೆ ಮನೋವೈದ್ಯರು ಬೇಕು. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ, ಬೆಂಗಳೂರಿಗೆ ಹೋಗೋಕೆ ಹೆಂಗೂ ರೆಡಿ ಇದ್ದೀರಲ್ಲ, ಐವಿಎಫ್ ಸೆಂಟರ್ ಬದಲು ನಿಮ್ಹಾನ್ಸ್‌ಗೆ ಹೋಗಿ. ಊಟ ಮೂರು ಹೊತ್ತು, ಮಧ್ಯೆ ಮಧ್ಯೆ ಏನಾದ್ರೂ ಒಂದು, ಕಡಲೆಕಾಯಿ, ಹಾಲು, ಬಾಳೆಹಣ್ಣು, ಮೊಟ್ಟೆ ತಿಂತೀರಾದ್ರೆ ಮೊಟ್ಟೆ. ಮುದ್ದೆ ಬಸ್ಸಾರಿಗೆ ಒಂದು ಚಮಚ ತುಪ್ಪ ಬೀಳ್ಲಿ, ಕೊಬ್ಬಿನಂಶ ಇಲ್ದೆ ಈ ಹಾರ್ಮೋನು ಕೆಲಸ ನಡೆಯಲ್ಲ. ಕ್ಯಾತ್ಸಂದ್ರದ ಕಡೆ ಹೋದಾಗ ಗಂಡನ ತಟ್ಟೆಯಿಂದ ಒಂದು ತುತ್ತು ಮುರ್ಕೊಳ್ಳೋದು ಬಿಟ್ಟು ನಿಮ್ಮದೇ ಅಂತ ಒಂದು ಪ್ಲೇಟ್ ತಟ್ಟೆ ಇಡ್ಲಿ ತಗೊಳ್ಳಿ. ಆದ್ರೆ ಒಂದು ಎಚ್ಚರಿಕೆ, ಈಗ ದಿನಕ್ಕೆ ಒಂದೆರಡು ತುತ್ತಿನ ಮೇಲೇ ಇದ್ದೀರಾದ್ರೆ ಒಂದೇ ಸಲ ಜಾಸ್ತಿ ತಿನ್ನೋಕೆ ಹೋಗ್ಬೇಡಿ, ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೆ ತೊಂದರೆ ಆಗ್ಬಹುದು, ಡಾಕ್ಟ್ರ ಕಣ್ಣೆದುರೇ ನಿಧಾನವಾಗಿ ಏರಿಸ್ಬೇಕು.

ಅತ್ತೆಯವರಿಗೆ ಈ ಪುಟ ಓದಿ ಹೇಳಿ. ಅಮ್ಮಾ, ಸೊಸೆಗೆ ಮಗು ಆಗ್ಲಿ ಅಂತ ನೀವು ಒಪ್ಪತ್ತು ಹಿಡಿಸಿದ್ದೀರಲ್ಲ, ಮಗು ಆಗದೇ ಇರೋಕೆ ಕಾರಣಾನೇ ಊಟ ಸಾಲದೇ ಇರೋದು, ಆ ಒಪ್ಪತ್ತು ಅದನ್ನ ಇನ್ನೂ ಜಾಸ್ತಿ ಮಾಡುತ್ತೆ. ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಹಾಲು ಎರೆದು ಬರ್ತೀವಿ ಅಂದ್ರೆ ನಾನು ಬೇಡ ಅನ್ನಲ್ಲ, ಆ ಹಾಲಲ್ಲಿ ಒಂದು ಲೋಟ ಸೊಸೆಗೂ ಕುಡಿಸಿ.

ಪ್ರಶ್ನೆ: ನಮಸ್ಕಾರ ಡಾಕ್ಟ್ರಮ್ಮ. ನನ್ನ ಮಗಳು ಫಸ್ಟ್ ಪಿಯುಸಿ, 16 ವರ್ಷ. ಹತ್ತನೇ ಕ್ಲಾಸಲ್ಲಿ ಗುಂಡುಗುಂಡಗೆ ಇದ್ದೋಳು ಈಗ ಕಡ್ಡಿ ಆಗವ್ಳೆ. ಡಬ್ಬಿ ಖಾಲಿ ಬರ್ತೈತೆ ಅಂತ ಖುಷಿ ಪಡ್ತಿದ್ದೆ, ಬ್ಯಾಗು ಒಗೆಯೋಕೆ ಹಾಕ್ದಾಗ ಜಿಪ್ಪಿನೊಳಗೆ ಪೇಪರ್ ಸುತ್ತಿರೋ ಚಪಾತಿ ಸಿಕ್ತು, ಬೂಸ್ಟು ಹಿಡಿದಿತ್ತು. ಬೇಸಿಗೇಲೂ ಸ್ವೆಟರ್ ಹಾಕ್ಕೊಂಡ್ ಕೂರ್ತಾಳೆ. ವಿಚಿತ್ರ ಏನು ಅಂದ್ರೆ ಮೊಬೈಲಲ್ಲಿ ಬರೀ ಅಡುಗೆ ವಿಡಿಯೋ ನೋಡ್ತಾಳೆ, ನಮಗೆಲ್ಲ ಕೇಕು ಮಾಡಿ ಬಡಿಸ್ತಾಳೆ, ತಾನು ಮುಟ್ಟಲ್ಲ. ಐದು ತಿಂಗಳಿಂದ ಹೊರಗಾಗಿಲ್ಲ. ಅವಳು ಹೇಳಿರ್ಲಿಲ್ಲ, ಪ್ಯಾಡ್ ಪ್ಯಾಕೆಟ್ ಹಂಗೇ ಇರೋದು ನೋಡಿ ನನಗೇ ಗೊತ್ತಾಯ್ತು. ಅವರಪ್ಪ ವಯಸ್ಸಿಗೆ ಬಂದ ಮಕ್ಕಳು ಹಂಗೇ, ಸರಿ ಹೋಗ್ತಾಳೆ ಅಂತಾರೆ. ನಮ್ಮಕ್ಕ ಯಾವುದೋ ಹುಡುಗನ ವಿಷಯ ಇರ್ಬೇಕು, ಟೆಸ್ಟ್ ಮಾಡ್ಸು ಅಂತಾಳೆ. ಮುಂದೆ ಮಕ್ಕಳಾಗೋಕೆ ತೊಂದ್ರೆ ಆಗುತ್ತಾ?
– ಕೋಲಾರ ಜಿಲ್ಲೆ

ಉತ್ತರ: ಪ್ಯಾಡ್ ಪ್ಯಾಕೆಟ್ ಲೆಕ್ಕ ಇಟ್ಟಿದ್ದೀರಲ್ಲ ತಾಯಿ, ಅದೇ ದೊಡ್ಡದು. ಸರಿಯಾಗಿ ಬರ್ತಿದ್ದ ಮುಟ್ಟು ಮೂರು ತಿಂಗಳು ಬರಲಿಲ್ಲ ಅಂದ್ರೆ ಕಾಯಬಾರದು, ಐದು ತಿಂಗಳಂತೂ ಆಗೋಯ್ತು. ಟೆಸ್ಟ್ ಹೆಂಗೂ ಡಾಕ್ಟ್ರು ಮಾಡ್ತಾರೆ, ಅದು ಎಲ್ಲರಿಗೂ ಮಾಡೋ ಮೊದಲ ಪರೀಕ್ಷೆ, ಅದನ್ನ ಮನೇಲಿ ದೊಡ್ಡ ಪಂಚಾಯ್ತಿ ಮಾಡ್ಬೇಡಿ, ಅಕ್ಕನ ಬಾಯಿಗೆ ಬೀಗ ಹಾಕಿ. ಚಪಾತಿ ಬಚ್ಚಿಡೋದು, ಸ್ವೆಟರ್, ಕಡ್ಡಿ ಆಗಿರೋದು, ಮುಟ್ಟು ನಿಂತಿರೋದು, ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ಹುಡುಗನ ವಿಷಯ ಅಲ್ಲ, ಊಟದ ಕಾಯಿಲೆ. ಮೈ ಬಿಸಿ ಇಟ್ಕೊಳ್ಳೋಕೂ ಶಕ್ತಿ ಇಲ್ದೆ ಚಳಿ ಆಗ್ತಿರೋದು. ತೋಳು, ಬೆನ್ನ ಮೇಲೆ ಎಳೆಕೂಸಿಗೆ ಇರೋ ಥರ ತೆಳ್ಳಗೆ ರೋಮ ಬಂದಿದ್ಯಾ ನೋಡಿ, ಕೂದಲು ಉದುರ್ತಿದ್ಯಾ, ಎದ್ದು ನಿಂತ್ರೆ ಕಣ್ಣು ಕತ್ತಲೆ ಬರುತ್ತಾ ಅಂತಾನೂ ಕೇಳಿ.

ಕೇಕ್ ಮಾಡಿ ಬಡಿಸೋದು ವಿಚಿತ್ರ ಅಂದ್ರಲ್ಲ, ಅದಕ್ಕೆ ಒಂದು ಹಳೇ ಪ್ರಯೋಗ ಇದೆ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ, ಆರೋಗ್ಯವಾಗಿದ್ದ 36 ಜನ ಗಂಡಸರನ್ನ ಅವರೇ ಒಪ್ಪಿ ಬಂದ ಮೇಲೆ ಆರು ತಿಂಗಳು ಅರೆಹೊಟ್ಟೇಲಿ ಇಟ್ಟು ನೋಡಿದ್ರು. ಆ ಗಂಡಸರು ಹೊತ್ತು ಮೂರೊತ್ತೂ ಊಟದ ಮಾತೇ ಆಡೋಕೆ ಶುರು ಮಾಡಿದ್ರು, ಅಡುಗೆ ಪುಸ್ತಕ ಓದೋದು, ರೆಸಿಪಿ ಸೇರಿಸಿಡೋದು, ಇರೋ ಚೂರು ಊಟಾನ ಗಂಟೆಗಟ್ಟಲೆ ತಿನ್ನೋದು, ಸಿಡಿಸಿಡಿ ಅನ್ನೋದು, ಯಾರ ಜೊತೆಗೂ ಸೇರದೆ ಇರೋದು. ಲೈಂಗಿಕ ಆಸಕ್ತೀನೂ ಸತ್ತೋಗಿತ್ತು, ಅಂದ್ರೆ ಬಸಿರಿಗೆ ಸಂಬಂಧಪಟ್ಟ ಹಾರ್ಮೋನು ಆಫ್ ಆಗೋದು ಬರೀ ಹೆಣ್ಣಿಗಲ್ಲ. ಹಾಗಾಗಿ ನಿಮ್ಮ ಮಗಳ ವಿಡಿಯೋ ಹುಚ್ಚು ಅವಳ ಸ್ವಭಾವ ಅಲ್ಲ, ಹಸಿದ ಮಿದುಳು ಮಾಡಿಸ್ತಿರೋದು, ಅವಳನ್ನ ಬೈದು ಪ್ರಯೋಜನ ಇಲ್ಲ.

ಮುಂದೆ ಮಕ್ಕಳಾಗುತ್ತಾ ಅನ್ನೋ ಪ್ರಶ್ನೆ 16 ವರ್ಷದ ಹುಡುಗಿ ಮುಂದೆ ಇಡಲೇಬೇಡಿ. ಬೇಗ ಚಿಕಿತ್ಸೆ ಸಿಕ್ಕಿ ತೂಕ ಬಂದ್ರೆ ಬಹಳಷ್ಟು ಹುಡುಗೀರಿಗೆ ಮುಟ್ಟು ವಾಪಸ್ ಬರುತ್ತೆ, ಮುಂದೆ ಮಕ್ಕಳೂ ಆಗ್ತವೆ. ನನಗೆ ಈ ವಯಸ್ಸಿನಲ್ಲಿ ಜಾಸ್ತಿ ಭಯ ಮೂಳೆದು ಮತ್ತೆ ಹೃದಯದ್ದು. ಜೀವನಪೂರ್ತಿಗೆ ಬೇಕಾದ ಮೂಳೆ ಗಟ್ಟಿ ಆಗೋದೇ ಹದಿಹರೆಯದಿಂದ ಇಪ್ಪತ್ತರ ದಶಕದೊಳಗೆ, ಈಗ ಕಳ್ಕೊಂಡಿದ್ದು ಪೂರ್ತಿ ವಾಪಸ್ ಬರುತ್ತೆ ಅನ್ನೋಕಾಗಲ್ಲ. ಹೃದಯದ ಬಡಿತ ಹಗಲಲ್ಲೇ ನಿಮಿಷಕ್ಕೆ 50ಕ್ಕಿಂತ ಕೆಳಗೆ ಇದ್ರೆ, ತಲೆ ಸುತ್ತಿ ಬಿದ್ರೆ, ನೀರೂ ಬೇಡ ಅಂದ್ರೆ, ಸಾಯೋ ಮಾತಾಡಿದ್ರೆ ನಾಳೆ ಅನ್ಬೇಡಿ, ಅವತ್ತೇ ಆಸ್ಪತ್ರೆ. ಮಣಿಕಟ್ಟಿನ ಹತ್ರ ಬೆರಳಿಟ್ಟು ಒಂದು ನಿಮಿಷ ಎಣಿಸಿ ನೋಡೋದು ನಿಮಗೂ ಬರುತ್ತೆ.

ಚಿಕಿತ್ಸೇಲಿ ಈ ವಯಸ್ಸಿಗೆ ಚೆನ್ನಾಗಿ ಕೆಲಸ ಮಾಡಿರೋದು ಅಪ್ಪ ಅಮ್ಮನೇ ಊಟದ ಜವಾಬ್ದಾರಿ ಪೂರ್ತಿ ತಗೊಳ್ಳೋ ವಿಧಾನ, ಮನೋವೈದ್ಯರ ಮಾರ್ಗದರ್ಶನದಲ್ಲಿ. ಏನು ತಿಂತೀಯಾ ಅಂತ ಕೇಳೋದಿಲ್ಲ, ನೀವೇ ಬಡಿಸ್ತೀರಿ, ಪಕ್ಕದಲ್ಲೇ ಕೂರ್ತೀರಿ, ಮುಗಿಯೋವರೆಗೂ ಏಳಲ್ಲ, ಮುಗಿದ ಮೇಲೂ ಅರ್ಧ ಗಂಟೆ ಅವಳ ಜೊತೆ ಇರ್ತೀರಿ, ಬಾತ್‌ರೂಮಿಗೆ ಒಬ್ಬಳನ್ನೇ ಬಿಡಲ್ಲ. ಅಳ್ತಾಳೆ, ತಟ್ಟೆ ತಳ್ತಾಳೆ. ಅವರಪ್ಪನೂ ಕೂರ್ಬೇಕು, ಸರಿ ಹೋಗ್ತಾಳೆ ಅಂತ ಟಿವಿ ಮುಂದೆ ಕೂತ್ರೆ ಆಗಲ್ಲ. ತೂಕದ ಮಾತು, ದಪ್ಪ ಸಣ್ಣ ಮಾತು, ಯಾರದೇ ಆಗ್ಲಿ, ಮನೇಲಿ ಬಂದ್. ಸರ್ಕಾರಿ ಆಸ್ಪತ್ರೇಲಿ ಹದಿಹರೆಯದವರಿಗೆ ಅಂತ ಸ್ನೇಹ ಕ್ಲಿನಿಕ್ ಇರುತ್ತೆ, ಮೊದಲು ಅಲ್ಲಿಗೆ ಹೋಗೋಕೆ ಅವಳಿಗೂ ಮುಜುಗರ ಕಮ್ಮಿ.

ಪ್ರಶ್ನೆ: ನಾನು ದಪ್ಪಾನೂ ಇಲ್ಲ ಸಣ್ಣಾನೂ ಇಲ್ಲ, 56 ಕೆಜಿ. ಪಿಜಿಯಲ್ಲಿ ಇದ್ದೀನಿ. ರಾತ್ರಿ ಹೊತ್ತು ಸಿಕ್ಕಿದ್ದೆಲ್ಲ ತಿಂದು ಆಮೇಲೆ ಬೆರಳು ಹಾಕಿ ವಾಂತಿ ಮಾಡ್ತೀನಿ, ವಾರದಲ್ಲಿ ನಾಲ್ಕೈದು ಸಲ. ಕೆಲವು ಸಲ ಭೇದಿ ಮಾತ್ರೆ. ಪೀರಿಯಡ್ಸ್ ಒಂದ್ಸಲ 35 ದಿನಕ್ಕೆ, ಇನ್ನೊಂದ್ಸಲ 60 ದಿನಕ್ಕೆ. ತೂಕ ನಾರ್ಮಲ್ ಇರೋದ್ರಿಂದ ಇದಕ್ಕೂ ಅದಕ್ಕೂ ಸಂಬಂಧ ಇರಲ್ಲ ಅಲ್ವಾ? ಮುಂದಿನ ವರ್ಷ ಮದುವೆ.
– ಚಿಂತಾಮಣಿ

ಉತ್ತರ: ಸಂಬಂಧ ಇದೆ. ತೂಕದ ಮುಳ್ಳು ನಾರ್ಮಲ್ ತೋರಿಸಿದ್ರೂ ಹೊಟ್ಟೆಗೆ ಒಂದು ದಿನ ಪ್ರವಾಹ, ಇನ್ನೊಂದು ದಿನ ಬರಗಾಲ ಆಗ್ತಿದ್ರೆ ಮಿದುಳಿನ ಆ ಸಿಗ್ನಲ್ ತಾಳ ತಪ್ಪುತ್ತೆ, ಅಂಡಾಣು ಕೆಲವು ತಿಂಗಳು ಬರುತ್ತೆ ಕೆಲವು ತಿಂಗಳು ಇಲ್ಲ. ಇದು ಬುಲಿಮಿಯಾ. ಇದಿರೋರನ್ನ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ, ಅದೇ ಇದರ ಕೆಟ್ಟತನ. ಮುಟ್ಟಿಗಿಂತ ಅರ್ಜೆಂಟ್ ಆಗಿರೋದು ಬೇರೆ ಇದೆ, ವಾಂತಿ ಭೇದಿಯಲ್ಲಿ ಪೊಟ್ಯಾಶಿಯಂ ಹೋಗ್ಬಿಡುತ್ತೆ, ಅದು ತೀರಾ ಇಳಿದ್ರೆ ಹೃದಯದ ಬಡಿತ ಏರುಪೇರಾಗಿ ಪ್ರಾಣಕ್ಕೇ ಬರುತ್ತೆ. ಈ ವಾರಾನೇ ಎಲೆಕ್ಟ್ರೋಲೈಟ್ಸ್ ಟೆಸ್ಟ್ ಮತ್ತೆ ಒಂದು ಇಸಿಜಿ ಮಾಡಿಸಿ. ಭೇದಿ ಮಾತ್ರೆಯಿಂದ ತೂಕ ಇಳಿಯುತ್ತೆ ಅನ್ನೋದೂ ಸುಳ್ಳು, ಅಷ್ಟೊತ್ತಿಗೆ ತಿಂದಿದ್ದರ ಕ್ಯಾಲೊರಿ ಬಹುಪಾಲು ಒಳಗೆ ಸೇರಿರುತ್ತೆ, ಹೋಗೋದು ಬರೀ ನೀರು. ವಾಂತಿ ಆದ ತಕ್ಷಣ ಬ್ರಷ್ ಮಾಡ್ಬೇಡಿ, ಆಸಿಡ್ ಬಿದ್ದ ಹಲ್ಲನ್ನ ಉಜ್ಜಿದ್ರೆ ಮೇಲ್ಪದರ ಸವೆಯುತ್ತೆ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ.

ವಾಸಿ ಆಗುತ್ತೆ, ಇದಕ್ಕೆ ಮಾತಿನ ಚಿಕಿತ್ಸೆ ಇದೆ, ಬೇಕಾದ್ರೆ ಮನೋವೈದ್ಯರು ಮಾತ್ರೆ ಕೂಡ ಕೊಡ್ತಾರೆ. ಬುಲಿಮಿಯಾ ಇದ್ದು ವಾಸಿಯಾಗಿ ಮಕ್ಕಳು ಮಾಡ್ಕೊಂಡಿರೋರು ಬೇಕಾದಷ್ಟು ಜನ. ರಾತ್ರಿ ಆ ಹೊತ್ತು ಬಂದಾಗ ಯಾರ ಜೊತೆ ಮಾತಾಡ್ಲಿ ಅಂದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, 2022ರಿಂದ ಕೇಂದ್ರ ಸರ್ಕಾರ ನಡೆಸ್ತಿದೆ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಇನ್ನೊಂದು, ಮದುವೆ ಆದ ಮೇಲೆ ಗರ್ಭನಿರೋಧಕ ಮಾತ್ರೆ ನುಂಗಿ ಅದಾದ ಸ್ವಲ್ಪ ಹೊತ್ತಿಗೇ ವಾಂತಿ ಮಾಡಿದ್ರೆ ಆ ಮಾತ್ರೇನೂ ಹೊರಗೇ ಹೋಗುತ್ತೆ, ಡಾಕ್ಟ್ರಿಗೆ ಈ ವಿಷಯ ಮುಚ್ಚಿಡಬೇಡಿ.

ಪ್ರಶ್ನೆ: ತಂಗಿ ಲಾಂಗ್ ರನ್ನಿಂಗ್ ಮಾಡ್ತಾಳೆ, ಸ್ಟೇಟ್ ಲೆವೆಲ್‌ಗೆ ಹೋಗಿದ್ದಾಳೆ. ವಯಸ್ಸು 19, ತೂಕ 48. ಎಂಟು ತಿಂಗಳಿಂದ ಮುಟ್ಟಾಗಿಲ್ಲ. ಅವರ ಕೋಚು ಅದು ಪ್ರಾಕ್ಟೀಸ್ ಚೆನ್ನಾಗಿ ಆಗ್ತಿರೋ ಗುರುತು ಅಂತಾರಂತೆ. ಹೌದಾ?
– ಗೌರಿಬಿದನೂರು

ಉತ್ತರ: ಅಲ್ಲವೇ ಅಲ್ಲ. ಎಷ್ಟೋ ಕೋಚ್‌ಗಳು ನಿಜವಾಗ್ಲೂ ನಂಬ್ಕೊಂಡಿರೋ ಮಾತದು, ಆದ್ರೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದನ್ನ ರೆಡ್-ಎಸ್ ಅನ್ನೋ ಹೆಸರಲ್ಲಿ, ಆಟಗಾರರ ದೇಹಕ್ಕೆ ಖರ್ಚಿಗೆ ತಕ್ಕಷ್ಟು ಊಟ ಸಿಗದೆ ಆಗೋ ತೊಂದರೆ ಅಂತ ಗುರುತಿಸಿದೆ. ಲೆಕ್ಕ ಹೇಳ್ತೀನಿ. 48 ಕೆಜಿಯಲ್ಲಿ ಕೊಬ್ಬು ಕಳೆದ್ರೆ ಸುಮಾರು 40 ಕೆಜಿ ಅನ್ಕೊಳ್ಳಿ. ಆ ಪ್ರತಿ ಕೆಜಿಗೆ ದಿನಕ್ಕೆ 45 ಕ್ಯಾಲೊರಿ ಸಿಕ್ಕಿದ್ರೆ ದೇಹ ನೆಮ್ಮದಿಯಾಗಿರುತ್ತೆ, 30ಕ್ಕಿಂತ ಕೆಳಗೆ ಹೋದ್ರೆ ಮುಟ್ಟಿನ ಹಾರ್ಮೋನು ಏರುಪೇರಾಗೋ ಸಂಭವ ಜಾಸ್ತಿ. ಅಂದ್ರೆ ಓಡದೇ ಇದ್ರೂ 1800 ಬೇಕು. ದಿನಾ ಓಡೋಕೆ 500 ಖರ್ಚಾಗುತ್ತೆ ಅಂದ್ರೆ 2300. ಅವಳು ತಿಂತಿರೋದು ಬೆಳಗ್ಗೆ ಎರಡು ಇಡ್ಲಿ, ಹಾಸ್ಟೆಲ್ ಸಾರು ಅನ್ನ ಆದ್ರೆ ನೀವೇ ಕೂಡಿ ನೋಡಿ. ಬೇಕಂತಲೇ ಊಟ ಬಿಟ್ಟಿರ್ಬೇಕು ಅಂತಿಲ್ಲ, ಓಟ ಜಾಸ್ತಿ ಆದಷ್ಟು ಊಟ ಜಾಸ್ತಿ ಆಗದೇ ಇದ್ರೂ ಇದೇ ಆಗೋದು. ಆದ್ರೆ ತೂಕ ಇಳಿದ್ರೆ ಟೈಮಿಂಗ್ ಸುಧಾರಿಸುತ್ತೆ ಅಂತ ಅನ್ನ ಬಿಟ್ಟಿದ್ದಾಳಾ ಅಂತ ಮೆಲ್ಲಗೆ ವಿಚಾರಿಸಿ. ಮೊಣಕಾಲಿನ ಕೆಳಗೆ, ಪಾದದಲ್ಲಿ ಬಿಡದೆ ನೋವಿದ್ರೆ ಮೂಳೆ ಬಿರುಕು ಬಿಟ್ಟಿರ್ಬಹುದು, ಎಕ್ಸ್‌ರೇ ಅಲ್ಲಿಗೆ ನಿಲ್ಲಬೇಡಿ, ಶುರುವಲ್ಲಿ ಅದರಲ್ಲಿ ಕಾಣದೇ ಇರಬಹುದು. ಕೋಚ್ ಜೊತೆ ಜಗಳ ಬೇಡ, ಡಾಕ್ಟ್ರ ಚೀಟಿ ತಗೊಂಡು ಹೋಗಿ ಕೊಡಿ, ಸ್ವಲ್ಪ ದಿನ ಓಟ ಕಮ್ಮಿ ಊಟ ಜಾಸ್ತಿ.

ಪ್ರಶ್ನೆ: ನನಗೆ ಪಿಸಿಓಡಿ, 31 ವರ್ಷ, 78 ಕೆಜಿ. ತೂಕ ಇಳಿಸಿದ್ರೇನೇ ಮಗು ಅಂತಾರೆ. ಹಗಲೆಲ್ಲ ಬರೀ ಗ್ರೀನ್ ಟೀ ಮೇಲಿದ್ದು ರಾತ್ರಿ ಎಲ್ರೂ ಮಲಗಿದ ಮೇಲೆ ಅಡುಗೆಮನೇಲಿ ನಿಂತ್ಕೊಂಡೇ ಪಾತ್ರೆ ಖಾಲಿ ಮಾಡ್ತೀನಿ, ಆಮೇಲೆ ಅಳ್ತೀನಿ. ತೂಕ ಇಳೀತಿಲ್ಲ.
– ತಿಪಟೂರು

ಉತ್ತರ: ಹಗಲು ಉಪವಾಸ ಇದ್ರೆ ರಾತ್ರಿ ಪಾತ್ರೆ ಖಾಲಿ ಆಗೋದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ, ಹಸಿವು ಬಡ್ಡಿ ಸಮೇತ ವಸೂಲಿ ಮಾಡ್ತಿರೋದು. ಪಿಸಿಓಡಿ ಇರೋರಲ್ಲಿ ಈ ಥರ ಹಿಡಿತ ತಪ್ಪಿ ಒಂದೇ ಸಲಕ್ಕೆ ತುಂಬಾ ತಿನ್ನೋ ತೊಂದರೆ ಬೇರೆಯವರಿಗಿಂತ ಜಾಸ್ತಿ, 2023ರ ಅಂತರರಾಷ್ಟ್ರೀಯ ಪಿಸಿಓಎಸ್ (ಪಿಸಿಓಡಿಯ ಇನ್ನೊಂದು ಹೆಸರು) ಮಾರ್ಗಸೂಚಿ ಕೂಡ ಡಾಕ್ಟ್ರುಗಳು ಇದನ್ನ ಗಮನದಲ್ಲಿ ಇಟ್ಕೊಳ್ಳಿ ಅನ್ನುತ್ತೆ. ನಮ್ಮಲ್ಲಿ ಯಾರೂ ಕೇಳಲ್ಲ, ದಪ್ಪ ಇದ್ದಾಳೆ ಅಂದ್ರೆ ಕಮ್ಮಿ ತಿನ್ನು ಅಂತ ಚೀಟಿ ಬರೆದು ಕಳಿಸ್ತಾರೆ. ನೀವು ಮೊದಲು ಮಾಡ್ಬೇಕಾಗಿರೋದು ಬೆಳಗ್ಗೆ ತಿಂಡಿ ತಿನ್ನೋದು, ಹೌದು, ತಿನ್ನೋದು. ಮೂರು ಹೊತ್ತು ಸಮಯಕ್ಕೆ ಸರಿಯಾಗಿ, ಕಾಳು, ಸೊಪ್ಪು, ಮುದ್ದೆ ಎಲ್ಲ ಇರ್ಲಿ. ರಾತ್ರಿಯ ಕಾಟ ಕಮ್ಮಿಯಾದ ಮೇಲೆ ತೂಕದ ಮಾತು. ನೂರರಲ್ಲಿ ಐದು ಭಾಗ ಇಳಿದ್ರೂ, ಅಂದ್ರೆ ನಿಮಗೆ ಹೆಚ್ಚುಕಮ್ಮಿ 4 ಕೆಜಿ, ಕೆಲವರಿಗೆ ಅಂಡಾಣು ಬಿಡುಗಡೆ ಸರಿ ಹೋಗುತ್ತೆ, 55ಕ್ಕೆ ಇಳೀಬೇಕು ಅಂತ ಹಠ ಬೇಡ. ಅಂಡಾಣು ಬೆಳೆಸೋಕೆ ಲೆಟ್ರೋಜೋಲ್‌ನಂಥ ಮಾತ್ರೆಗಳೂ ಇವೆ, ನಿಮ್ಮ ಲೇಡಿ ಡಾಕ್ಟ್ರ ಹತ್ರ ಮಾತಾಡಿ, ಈ ರಾತ್ರಿ ಊಟದ ವಿಷಯಾನೂ ಸೇರಿಸಿ.

ಪ್ರಶ್ನೆ: ಕಾಲೇಜಲ್ಲಿದ್ದಾಗ ಊಟ ಬಿಟ್ಟು ಆಸ್ಪತ್ರೆ ಸೇರಿದ್ದೆ, ವಾಸಿ ಆಯ್ತು. ಈಗ ನಾಲ್ಕನೇ ತಿಂಗಳು. ಪ್ರತಿ ಸಲ ತಾಯಿ ಕಾರ್ಡಲ್ಲಿ ತೂಕ ಬರೆಯುವಾಗ ಆ ನಂಬರ್ ನೋಡಿ ಎರಡು ದಿನ ಊಟ ಸೇರಲ್ಲ. ಯಾರಿಗೂ ಹೇಳಿಲ್ಲ.
– ಶಿಡ್ಲಘಟ್ಟ

ಉತ್ತರ: ನನಗೆ ಹೇಳಿದ್ದೀರಲ್ಲ, ಇನ್ನು ನಿಮ್ಮ ಹೆರಿಗೆ ಡಾಕ್ಟ್ರಿಗೂ ಇಷ್ಟೇ ಸಾಲು ಬರ್ಕೊಂಡು ಹೋಗಿ ಕೊಡಿ, ಬಾಯಲ್ಲಿ ಹೇಳೋಕೆ ಕಷ್ಟ ಆದ್ರೆ. ಮುಂಚೆ ಈ ಕಾಯಿಲೆ ಇದ್ದೋರಿಗೆ ಬಸಿರಲ್ಲೂ ಬಾಣಂತನದಲ್ಲೂ ಅದು ಮತ್ತೆ ತಲೆ ಎತ್ತೋ ಸಂಭವ ಇದೆ, ಹೆರಿಗೆ ಆದ ಮೇಲೆ ಖಿನ್ನತೆ ಬರೋದೂ ಇವರಲ್ಲಿ ಜಾಸ್ತಿ, ಡಾಕ್ಟ್ರಿಗೆ ಗೊತ್ತಿದ್ರೆ ಹುಷಾರಾಗಿರ್ತಾರೆ. ತೂಕ ನೋಡುವಾಗ ಯಂತ್ರಕ್ಕೆ ಬೆನ್ನು ಹಾಕಿ ನಿಂತ್ಕೊಳ್ಳಿ, ನಂಬರ್ ಜೋರಾಗಿ ಹೇಳ್ಬೇಡಿ ಸಿಸ್ಟರ್, ಬರೆದುಕೊಳ್ಳಿ ಸಾಕು ಅನ್ನಿ. ಕಾರ್ಡು ಗಂಡನ ಕೈಯಲ್ಲಿರ್ಲಿ. ಮನೆಗೆ ಬರೋ ಆಶಾ ಅವರಿಗೂ ಹಂಗೇ ಹೇಳಿಡಿ. ಏರ್ತಿರೋ ತೂಕದಲ್ಲಿ ಮಗು, ಮಾಸು, ನೀರು, ಜಾಸ್ತಿಯಾದ ರಕ್ತ ಎಲ್ಲ ಸೇರಿದೆ. ಎರಡು ದಿನ ಊಟ ಸೇರಲ್ಲ ಅನ್ನೋದು ಮೂರು ದಿನ ಆಯ್ತು ಅಂದ್ರೆ ಮುಂದಿನ ಚೆಕಪ್‌ಗೆ ಕಾಯ್ಬೇಡಿ.

ಪ್ರಶ್ನೆ: ಒಂದು ವರ್ಷದಿಂದ ಮುಟ್ಟೇ ಇಲ್ಲ, ಈಗ ಸರಿಯಾಗಿ ಊಟ ಶುರು ಮಾಡಿದ್ದೀನಿ. ಸದ್ಯಕ್ಕೆ ಮಗು ಬೇಡ. ಮುಟ್ಟಿಲ್ಲ ಅಂದ್ಮೇಲೆ ಕಾಂಡೋಮ್ ಬೇಕಾಗಲ್ಲ ಅಲ್ವಾ?
– ಮಧುಗಿರಿ

ಉತ್ತರ: ಬೇಕು. ಅಂಡಾಣು ಮೊದಲು ಬರುತ್ತೆ, ಮುಟ್ಟು ಬರೋದು ಅದಾಗಿ ಸುಮಾರು ಎರಡು ವಾರಕ್ಕೆ. ನಿಂತಿದ್ದ ಮುಟ್ಟು ವಾಪಸ್ ಬರೋದು ಯಾವಾಗ ಅಂತ ಮುಂಚೆ ಗೊತ್ತಾಗಲ್ಲ, ಆ ಮೊದಲ ಅಂಡಾಣುವಿನಲ್ಲೇ ಬಸಿರಾಗಿ, ಮುಟ್ಟು ಇನ್ನೂ ಬಂದಿಲ್ಲ ಅಂತ ಕಾಯ್ತಾ ಇದ್ದು ಮೂರು ತಿಂಗಳು ತುಂಬಿದ ಮೇಲೆ ಬರೋರನ್ನ ನೋಡ್ತಾನೇ ಇರ್ತೀವಿ. ಇವತ್ತಿಂದಾನೇ ಬಳಸಿ.